ನೆತ್ತರಿನ ಆಯುಷ್ಯ

ರಕ್ತಸಂಬಂಧವೆಂದರೆ ಅಳಿಯದ ನಂಟೆಂದು ನಾವು ನಂಬಿದ್ದೇವೆ. ಆದರೆ ಆ ನಂಟಿಗೆ ಹೆಸರು ಕೊಟ್ಟ ರಕ್ತ ಅಷ್ಟು ಸ್ಥಿರವಾದುದಲ್ಲ. ಇಂದು ನಮ್ಮ ಮೈಯಲ್ಲಿ ಹರಿಯುತ್ತಿರುವ ಕೆಂಪು ಕಣಗಳಲ್ಲಿ ಬಹುಮಟ್ಟಿಗೆ ಯಾವುದೂ ಆರು ತಿಂಗಳ ಹಿಂದಿನದಲ್ಲ. ಅವುಗಳಿಗೂ ಹುಟ್ಟು, ದುಡಿಮೆ, ಸಾವುಗಳಿವೆ. ಈ ಸಂಗತಿ ಮನುಷ್ಯನಿಗೆ ತಿಳಿದುಬಂದ ಬಗೆಯನ್ನು ನಾನಿಲ್ಲಿ ಸಂಕ್ಷೇಪವಾಗಿ ಹೇಳಬಯಸುತ್ತೇನೆ.

ಹಾಲೆಂಡಿನ ಡೆಲ್ಫ್ಟ್ ನಗರದ ಬಟ್ಟೆ ವ್ಯಾಪಾರಿ ಲೇವನ್‌ಹುಕ್ ತಾವೇ ಸಿದ್ಧಪಡಿಸಿದ ಮಸೂರದ ಮೂಲಕ ಕೆಂಪು ಕಣಗಳನ್ನು ಕಂಡು ವರ್ಣಿಸಿದ್ದು 1674ರಲ್ಲಿ. ಅವು ಹುಟ್ಟುವುದೆಲ್ಲಿ ಎಂಬ ಪ್ರಶ್ನೆಗೆ ಉತ್ತರ ದೊರೆಯಲು ಸುಮಾರು ಇನ್ನೂರು ವರ್ಷ ಬೇಕಾಯಿತು. 1868ರಲ್ಲಿ ಕೋನಿಗ್ಸ್‌ಬರ್ಗಿನ ಅರ್ನ್ಸ್ಟ್ ನಾಯ್ಮನ್ ಮತ್ತು ಇಟಲಿಯ ಜೂಲಿಯೊ ಬಿಟ್ಸೊಜೆರೊ ಬೇರೆ ಬೇರೆಯಾಗಿ ಒಂದೇ ಮಾತನ್ನು ಹೇಳಿದರು: ಮೂಳೆಯೊಳಗಿನ ಮಜ್ಜೆಯೇ ಅವುಗಳ ತವರು. ಗಾಯದ ಬಾಯಿಗೆ ಮುತ್ತಿ ನೆತ್ತರು ಸೋರದಂತೆ ತಡೆಯುವ ಕಿರುತಟ್ಟೆಗಳನ್ನು, ಎಂದರೆ ವೈದ್ಯರು ಪ್ಲೇಟ್‌ಲೆಟ್ ಎನ್ನುವ ಕಣಗಳನ್ನು, 1882ರಲ್ಲಿ ವಿವರಿಸಿದವರೂ ಬಿಟ್ಸೊಜೆರೊ ಅವರೇ. ಅವು ಮಜ್ಜೆಯ ದೈತ್ಯಕೋಶಗಳಿಂದ ಕಳಚಿಬಂದ ತುಣುಕುಗಳೆಂದು 1906ರಲ್ಲಿ ಬಾಸ್ಟನ್ನಿನ ಜೇಮ್ಸ್ ಹೋಮರ್ ರೈಟ್ ತೋರಿಸಿದರು.

ಹುಟ್ಟು ತಿಳಿಯಿತು, ಆಯುಷ್ಯವೆಷ್ಟು? ಹರಿಯುವ ಹೊಳೆಯಲ್ಲಿ ಒಂದು ಹನಿಯನ್ನು ಗುರುತಿಟ್ಟು ಹಿಂಬಾಲಿಸುವುದು ಹೇಗೆ? ಅಮೆರಿಕದ ಮೇಯೊ ಕ್ಲಿನಿಕ್ಕಿನಲ್ಲಿದ್ದ ವಿನಿಫ್ರೆಡ್ ಆಶ್‌ಬಿ ಎಂಬ ಮಹಿಳೆ 1919ರಲ್ಲಿ ಪ್ರಕಟಿಸಿದ ಉಪಾಯ ನನಗೆ ಬಹಳ ಮೆಚ್ಚಿಗೆಯಾದುದು. ಬೇರೆ ಗುಂಪಿನ ರೋಗಿಗೆ 'ಓ' ಗುಂಪಿನ ರಕ್ತವನ್ನು ಕೊಟ್ಟ ಮೇಲೆ, ಆತನ ರಕ್ತದ ಹನಿಗೆ ಆತನ ಸ್ವಂತ ಕಣಗಳನ್ನು ಮಾತ್ರ ಮುದ್ದೆಗಟ್ಟಿಸುವ ಸೀರಮ್ ಬೆರೆಸಿದರು. ಬಿಡಿಯಾಗಿ ಉಳಿದವು ದಾನಿಯ ಕಣಗಳು. ದಿನ ಕಳೆದಂತೆ ಅವನ್ನು ಎಣಿಸುತ್ತ ಹೋದರು. ಅವು ತಿಂಗಳಿಗೂ ಮೀರಿ ಬದುಕಿದ್ದವು. ಮುಂದಿನ ಎಣಿಕೆಗಳು ಆ ಅವಧಿಯನ್ನು ನೂರು ದಿನಗಳತ್ತ ಒಯ್ದವು.

ಕೊಲಂಬಿಯಾ ವಿಶ್ವವಿದ್ಯಾನಿಲಯದ ಡೇವಿಡ್ ಶೆಮಿನ್ ತಮ್ಮ ದೇಹವನ್ನೇ ಪ್ರಯೋಗಕ್ಕೊಡ್ಡಿದರು. ಭಾರಸಾರಜನಕದ ಗುರುತುಳ್ಳ 66 ಗ್ರಾಂ ಗ್ಲೈಸಿನ್ನನ್ನು ಮೂರು ದಿನಗಳಲ್ಲಿ ಸೇವಿಸಿ, ಅನಂತರ ತಿಂಗಳುಗಟ್ಟಲೆ ರಕ್ತವನ್ನು ಪರೀಕ್ಷಿಸಿದರು. ಕಣದ ಕೆಂಪು ದ್ರವ್ಯವನ್ನು ಸೇರಿದ ಆ ಗುರುತು ಕಣ ಸಾಯುವವರೆಗೆ ಅಲ್ಲಿಯೇ ನಿಂತಿತು. 1946ರಲ್ಲಿ ರಿಟನ್‌ಬರ್ಗ್ ಅವರೊಡನೆ ಪ್ರಕಟಿಸಿದ ಲೆಕ್ಕ 127 ದಿನ. ಇಂದು ಸುಮಾರು 120 ಎನ್ನುತ್ತಾರೆ. ಕಿರುತಟ್ಟೆಗಳದು 8ರಿಂದ 10 ದಿನಗಳ ಬಾಳು.

ಪ್ರಾಯಕ್ಕೆ ಬಂದ ಕೆಂಪು ಕಣಕ್ಕೆ ಕೋಶಕೇಂದ್ರವಿಲ್ಲ. ಸವೆದ ಭಾಗವನ್ನು ಹೊಸದಾಗಿ ಕಟ್ಟಿಕೊಳ್ಳಲಾರದು. ಮುಪ್ಪಾದ ಕಣವನ್ನು ಗುಲ್ಮ, ಯಕೃತ್ತುಗಳಲ್ಲಿರುವ ಭಕ್ಷಕಕೋಶಗಳು ನುಂಗುತ್ತವೆ. ಅದರ ಕಬ್ಬಿಣ ಮತ್ತೆ ಮಜ್ಜೆಗೆ ಸಲ್ಲುತ್ತದೆ. ಬಣ್ಣದ ಶೇಷ ಪಿತ್ತದೊಡನೆ ಹೊರಹೋಗುತ್ತದೆ. ತೆರವಾದ ಜಾಗಕ್ಕೆ ಸೆಕೆಂಡಿಗೆ ಸುಮಾರು 20 ಲಕ್ಷ ಹೊಸ ಕಣಗಳು ಬರುತ್ತವೆ.

ಈ ಲೆಕ್ಕ ಪಂಡಿತರಿಗೆ ಮಾತ್ರ ಸೇರಿದ್ದಲ್ಲ. ರಕ್ತನಿಧಿಯ ಶೀತಲದಲ್ಲಿ ಕೆಂಪು ಕಣಗಳನ್ನು ಹೆಚ್ಚೆಂದರೆ 42 ದಿನ ಇಡಬಹುದು. ಕಿರುತಟ್ಟೆಗಳನ್ನು ಸಾಮಾನ್ಯವಾಗಿ 5 ದಿನ ಮಾತ್ರ. ಹಬ್ಬದ ದಿನದ ಶಿಬಿರದಲ್ಲಿ ನೂರು ಮಂದಿ ಒಟ್ಟಿಗೆ ಕೊಟ್ಟ ಕಿರುತಟ್ಟೆಗಳು ಮುಂದಿನ ವಾರ ಡೆಂಗಿಯಿಂದ ನೆತ್ತರು ಸೋರುತ್ತ ಮಲಗಿದ ಮಗುವಿಗೆ ಒದಗಲಾರವು. ಹತ್ತು ಮಂದಿ ಈ ವಾರ, ಹತ್ತು ಮಂದಿ ಮುಂದಿನ ವಾರ ಎಂದು ಸರದಿಯಂತೆ ಬಂದರೆ ಆ ಮಗು ಕಾಯಬೇಕಾಗಿಲ್ಲ.