ಮಂಡ್ಯದ ಸಿಹಿ, ಭಾಗ 4: ಸಕ್ಕರೆ ಅಚ್ಚಿನ ಲೆಕ್ಕ

ಫೋಟೊದಲ್ಲಿ ಕಾಣ್ತಿರೋದು ಆಟದ ಸಾಮಾನಲ್ಲ, ಸಕ್ಕರೆ ಅಚ್ಚು ಮಾಡೋ ಮರದ ಅಚ್ಚು. ಎರಡು ತುಂಡು, ಒಳಗಡೆ ಗಿಳಿ ಕೊರೆದಿದ್ದಾರೆ. ಸಂಕ್ರಾಂತಿಗೆ ಎಳ್ಳು ಬೀರೋ ಮನೆಯವರಿಗೆ ಗೊತ್ತಿರುತ್ತೆ. ಗೊತ್ತಿಲ್ಲದವರಿಗೆ ಮಾಡೋ ಬಗೆ ಹೇಳ್ತೀನಿ ಕೇಳಿ.

ಸಕ್ಕರೆಗೆ ನೀರು ಹಾಕಿ ಕುದಿಸಬೇಕು. ಸ್ವಲ್ಪ ಹಾಲು ಬಿಟ್ರೆ ಕೊಳೆಯೆಲ್ಲ ನೊರೆಯಾಗಿ ಮೇಲೆ ಬರುತ್ತೆ. ಅದನ್ನ ತೆಗೆದು ಪಾಕ ಬಟ್ಟೇಲಿ ಸೋಸಬೇಕು. ಅಚ್ಚನ್ನ ಮೊದಲೇ ನೀರಲ್ಲಿ ನೆನೆಸಿ, ದಾರ ಕಟ್ಟಿ ಇಟ್ಟಿರಬೇಕು, ಇಲ್ಲಾಂದ್ರೆ ಸಕ್ಕರೆ ಮರಕ್ಕೆ ಅಂಟುತ್ತೆ. ಆಮೇಲೆ ಸ್ವಲ್ಪ ಸ್ವಲ್ಪವೇ ಪಾಕ ಕಾಯಿಸಿ, ಬೆಳ್ಳಗಾಗೋ ತನಕ ತಿರುವಿ, ಗಟ್ಟಿಯಾಗೋ ಮೊದಲು ಸುರಿಯಬೇಕು. ಸ್ವಲ್ಪ ತಡವಾದ್ರೂ ಬಾಣಲೇಲೇ ಕಲ್ಲು. ಒಬ್ಬರು ತಿರುವಬೇಕು, ಒಬ್ಬರು ಸುರಿಯಬೇಕು, ಇನ್ನೊಬ್ಬರು ಬಿಚ್ಚಬೇಕು. ಒಬ್ಬರ ಕೈಯಲ್ಲಿ ಆಗೋ ಕೆಲಸ ಅಲ್ಲ.

ಇದಕ್ಕೆ ಬಿಳಿ ಸಕ್ಕರೆಯೇ ಬೇಕು. ಆದ್ರೆ ನಮ್ಮ ಕಡೆ ದಿನದ ಸಿಹಿ ಅಂದ್ರೆ ಆಲೆಮನೆ ಬೆಲ್ಲ. ಶ್ರೀರಂಗಪಟ್ಟಣದ ಹತ್ತಿರ ಪಾಲಹಳ್ಳಿಯಲ್ಲಿ 1847ರಲ್ಲೇ ಅಷ್ಟಗ್ರಾಮ ಸಕ್ಕರೆ ಕಾರ್ಖಾನೆ ಶುರುವಾಗಿತ್ತು, ರೈತರ ಬೆಲ್ಲವನ್ನೇ ಶುದ್ಧಿ ಮಾಡಿ ಸಕ್ಕರೆ ತೆಗೀತಿದ್ರು. ಮಂಡ್ಯದ ಕಥೆ ಪೂರ್ತಿ ಬದಲಾಗಿದ್ದು ಮಾತ್ರ 1930ರ ದಶಕದಲ್ಲಿ. ಕನ್ನಂಬಾಡಿ ಕಟ್ಟೆ ನೀರು ಇರ್ವಿನ್ ನಾಲೆಯಲ್ಲಿ (ಈಗಿನ ವಿಶ್ವೇಶ್ವರಯ್ಯ ನಾಲೆ) ಬಂತು, ಕಬ್ಬು ಬಂತು. ಆಗ ದೇಶಕ್ಕೆ ಜಾವಾದಿಂದ ರಾಶಿ ಸಕ್ಕರೆ ಬರ್ತಿತ್ತು. 1932ರ ಕಾಯ್ದೆ ಹೊರಗಿನ ಸಕ್ಕರೆಗೆ ಸುಂಕದ ಗೋಡೆ ಕಟ್ಟಿತು. ಮಾರನೇ ವರ್ಷ, 1933ರಲ್ಲಿ, ಮೈಸೂರು ಸಕ್ಕರೆ ಕಂಪನಿ ಹುಟ್ಟಿತು. ಅದರ ಹಿಂದೆ ನಿಂತವರು ಕೆನಡಾದವರು, ಲೆಸ್ಲಿ ಕೋಲ್‌ಮನ್, ಮೈಸೂರಿನ ಕೃಷಿ ನಿರ್ದೇಶಕರು. ಮಂಡ್ಯ ಜಿಲ್ಲೆ ಆಗಿದ್ದು 1939ರಲ್ಲಿ. ಅಂದ್ರೆ ಜಿಲ್ಲೆಗಿಂತ ಫ್ಯಾಕ್ಟರಿನೇ ದೊಡ್ಡದು, ವಯಸ್ಸಲ್ಲಿ!

ಇಷ್ಟೆಲ್ಲ ಕಡತದಲ್ಲಿದೆ. ಕಂಪನಿಗೆ ಬ್ಯಾಲೆನ್ಸ್ ಶೀಟ್ ಇದೆ. ಮೈಸೂರು ಪಾಕಿಗೂ ಅರಮನೆಯ ಕಾಕಾಸುರ ಮಾದಪ್ಪ ಅಂತ ಒಂದು ಹೆಸರಿದೆ. ಸಂಕ್ರಾಂತಿ ದಿನ ಕಿಚ್ಚು ಹಾಯಿಸೋದು ಪೇಪರಲ್ಲಿ ಬರುತ್ತೆ. ಅದೇ ಸಕ್ಕರೇಲಿ ರಾತ್ರಿ ಕೂತು ಗಿಳಿ, ಆನೆ, ತೇರು ಎರಕ ಹೊಯ್ದ ಹೆಂಗಸರ ಕೆಲಸ ಯಾವ ಲೆಡ್ಜರಿಗೂ ಏರಿಲ್ಲ.

ಹಾಗಂತ ಅದು ಪುಕ್ಕಟೆ ಆಗಿತ್ತು ಅಂದ್ಕೋಬೇಡಿ. ನಾನು ಬಿಕಾಂ ಓದ್ತಿರೋಳು, ನನಗೆ ಲೆಕ್ಕ ಕಾಣುತ್ತೆ. ಒಂದು ತಟ್ಟೆ ಎಳ್ಳು-ಬೆಲ್ಲ, ಕಬ್ಬು, ಬಾಳೆಹಣ್ಣು, ಅಚ್ಚು ಪಕ್ಕದ ಮನೆಗೆ ಹೋದ್ರೆ ಅವರ ಮನೆದೂ ನಮ್ಮನೆಗೆ ಬರಲೇಬೇಕು. ಬರೀ ತಟ್ಟೆ ವಾಪಸ್ ಕೊಡೋದು ಮರ್ಯಾದೆ ಅಲ್ಲ. ಅಚ್ಚು ಸಾಲ ಕೊಟ್ಟವರ ಮನೇಲಿ ಪಾಕ ತಿರುವೋಕೆ ನೀವು ಹೋಗ್ಬೇಕು. ದುಡ್ಡಿಲ್ಲ ಅಷ್ಟೇ, ಸಾಲ-ಜಮಾ ಪೂರ್ತಿ ಇದೆ.

ಈಗ ಗುತ್ತಲಿನ ನಮ್ಮ ಮನೆ ವಿಷಯಕ್ಕೆ ಬರ್ತೀನಿ. ನಮ್ಮ ದೊಡ್ಡಮ್ಮನ ಮಗಳು, ಅಕ್ಕ, ಕೇಕ್ ಮಾಡ್ತಾಳೆ. ಮೊದಲು ಓವನ್ ಇರಲಿಲ್ಲ. ಕುಕ್ಕರ್ ತಳಕ್ಕೆ ಉಪ್ಪು ಹರಡಿ, ಗ್ಯಾಸ್ಕೆಟ್ಟು, ವಿಷಲ್ಲು ತೆಗೆದು ಅದರಲ್ಲೇ ಬೇಯಿಸ್ತಿದ್ಲು. ಅವಳಿಗೆ ಮಾಡೋದಂದ್ರೆ ಪ್ರಾಣ. ಯಾರ ಹುಟ್ಟುಹಬ್ಬ ಇದ್ರೂ ಹಿಂದಿನ ರಾತ್ರಿ ಹನ್ನೊಂದರ ತನಕ ಕ್ರೀಮ್ ಹಚ್ತಾ ನಿಂತಿರ್ತಾಳೆ. ಎಲ್ಲರೂ ಹೇಳೋದು ಎರಡೇ ಮಾತು: "ಅಂಗಡಿ ಇಡು" ಇಲ್ಲಾಂದ್ರೆ "ನಮಗೂ ಒಂದು ಮಾಡ್ಕೊಡು, ಹೆಂಗೂ ಮಾಡ್ತೀಯಲ್ಲ". ಅವಳಿಗೆ ಅಂಗಡಿ ಬೇಡ. ದುಡ್ಡು ತಗೊಂಡ್ರೆ ಬೇರೆಯವರು ಹೇಳಿದ ಡಿಸೈನ್ ಮಾಡ್ಬೇಕು, ಬೇಡ ಅಂತಾಳೆ. ಅದು ಅವಳಿಷ್ಟ. ನನಗೆ ಕೋಪ ಬರೋದು ಎರಡನೇ ಮಾತಿಗೆ. ಬೆಣ್ಣೆ, ಮೈದಾ, ಗ್ಯಾಸು, ಅವಳ ನಿದ್ದೆ ಎಲ್ಲ ಹೋಗುತ್ತೆ. ಡಬ್ಬಿ ಮಾತ್ರ ಖಾಲಿ ಬರುತ್ತೆ, ಕೆಲವೊಮ್ಮೆ ಅದೂ ಇಲ್ಲ.

ಹೋದ ತಿಂಗಳು ಎದುರು ಮನೆ ಆಂಟಿ ಕೇಕ್ ಡಬ್ಬೀಲಿ ಕೊಬ್ಬರಿ ಮಿಠಾಯಿ ತುಂಬಿ ಕಳಿಸಿದ್ರು, ಜೊತೆಗೆ ಅರ್ಧ ಕೆಜಿ ಬೆಣ್ಣೆ. ಅಕ್ಕ ಆ ಡಬ್ಬೀನ ಎರಡು ದಿನ ಬಂದೋರಿಗೆಲ್ಲ ತೋರಿಸಿದ್ಲು. ನಿಮ್ಮನೇಲೂ ಯಾರದ್ದಾದ್ರೂ ಡಬ್ಬಿ ಇದ್ರೆ ಇವತ್ತೇ ತೊಳೆದು, ಏನಾದ್ರೂ ಹಾಕಿ ಕಳಿಸಿ.

ಮುಂದಿನ ಭಾಗ: ಆಲೆಮನೆ ಕೊಪ್ಪರಿಗೆ.