ಉಪವಾಸ ಮತ್ತು ಮಿತಾಹಾರ: ಕಥೋಲಿಕ ಪರಂಪರೆಯಲ್ಲಿ

ಕಥೋಲಿಕ ಕ್ರೈಸ್ತರ ವ್ರತಾಚರಣೆಯಲ್ಲಿ ಆಹಾರಕ್ಕೆ ಸಂಬಂಧಿಸಿದ ಎರಡು ಬೇರೆ ಬೇರೆ ಕಟ್ಟಳೆಗಳಿವೆ. ಒಂದು ಉಪವಾಸ. ದಿನಕ್ಕೆ ಒಂದೇ ಹೊತ್ತು ಹೊಟ್ಟೆತುಂಬ ಊಟ ಮಾಡಿ, ಮಿಕ್ಕ ಹೊತ್ತಿನಲ್ಲಿ ಅಲ್ಪಾಹಾರದಲ್ಲಿ ಇರುವುದು. ಇದು ನಿರಾಹಾರಕ್ಕಿಂತ ನಮ್ಮ ಒಪ್ಪೊತ್ತಿಗೆ ಹೆಚ್ಚು ಹತ್ತಿರ. ಇನ್ನೊಂದು ಮಾಂಸವರ್ಜನೆ. ಗೊತ್ತಾದ ದಿನಗಳಲ್ಲಿ ಪ್ರಾಣಿಪಕ್ಷಿಗಳ ಮಾಂಸವನ್ನು ಬಿಡುವುದು, ಮೀನಿಗೆ ಅಡ್ಡಿಯಿಲ್ಲ. ಈ ಎರಡಕ್ಕೂ ಬೇರಿನಂತಿರುವುದು ಮಿತಾಹಾರವೆಂಬ ಸದ್ಗುಣ. ಕಟ್ಟಳೆಗಳು ವರ್ಷದ ಕೆಲವು ದಿನಗಳಿಗೆ ಮಾತ್ರ ಸೇರಿದವು, ಮಿತಾಹಾರ ಎಲ್ಲ ದಿನಗಳಿಗೂ ಸೇರಿದ್ದು. ಎರಡು ಸಾವಿರ ವರ್ಷಗಳಲ್ಲಿ ಕಟ್ಟಳೆಗಳು ಎಷ್ಟೋ ಬಾರಿ ಬಿಗಿಯಾಗಿವೆ, ಸಡಿಲಗೊಂಡಿವೆ. ಮಿತಿಯ ಬೋಧನೆ ಮಾತ್ರ ಹೆಚ್ಚು ಕದಲಿಲ್ಲ. ಈ ಇತಿಹಾಸದಲ್ಲಿ ನಿಜವಾಗಿ ಗಮನಿಸಬೇಕಾದದ್ದು ಅದನ್ನೇ.

ಆರಂಭದ ಶತಮಾನಗಳು

ಯೆಹೂದಿ ಧರ್ಮಶಾಸ್ತ್ರದಲ್ಲಿದ್ದ ಶುದ್ಧ-ಅಶುದ್ಧ ಆಹಾರಗಳ ವಿಂಗಡಣೆಯನ್ನು ಕ್ರೈಸ್ತರು ಮೊದಲ ತಲೆಮಾರಿನಲ್ಲೇ ಬಿಟ್ಟುಕೊಟ್ಟರು. ಮನುಷ್ಯನನ್ನು ಕೆಡಿಸುವುದು ಹೊರಗಿನಿಂದ ಒಳಹೋಗುವ ಅನ್ನವಲ್ಲವೆಂಬ ಯೇಸುವಿನ ಬೋಧನೆ ಮಾರ್ಕನ ಶುಭಸಂದೇಶದ 7ನೆಯ ಅಧ್ಯಾಯದಲ್ಲಿದೆ. ಯೊಪ್ಪದ ಮಾಳಿಗೆಯ ಮೇಲೆ ಪೇತ್ರನಿಗಾದ ದರ್ಶನವೂ ಇದನ್ನೇ ಹೇಳಿತು. ಆದ್ದರಿಂದ ಕಥೋಲಿಕರ ಮಾಂಸವರ್ಜನೆಯನ್ನು ಮಡಿ-ಮೈಲಿಗೆಯ ಅಥವಾ ಅಹಿಂಸೆಯ ಕಣ್ಣಿನಿಂದ ನೋಡಿದರೆ ಅರ್ಥ ತಪ್ಪುತ್ತದೆ. ಇಲ್ಲಿ ಮಾಂಸವನ್ನು ಬಿಡುವುದು ಅದು ಒಳ್ಳೆಯದೆಂಬ ಕಾರಣಕ್ಕೇ. ಕೆಟ್ಟದ್ದನ್ನು ಬಿಟ್ಟರೆ ಅದು ತ್ಯಾಗವಾಗುವುದಿಲ್ಲ. ಮಾಂಸ ತಿನ್ನುವುದೇ ಪಾಪವೆಂದು ಸಾರುತ್ತಿದ್ದವರನ್ನು 4ನೆಯ ಶತಮಾನದ ಗಂಗ್ರ ಸಭೆ ಖಂಡಿಸಿತು. ಜಡವಸ್ತುವೆಲ್ಲ ದುಷ್ಟವೆಂಬ ಮಾನಿ ಪಂಥದ ವಾದವನ್ನು ಸಂತ ಅಗಸ್ಟೀನ್ ಎದುರಿಸಿದ್ದೂ ಇದೇ ನೆಲೆಯಲ್ಲಿ.

ಯೇಸು ಅಡವಿಯಲ್ಲಿ ನಲವತ್ತು ದಿನ ಉಪವಾಸವಿದ್ದ. ಉಪವಾಸವಿದ್ದಾಗ ಮುಖ ಬಾಡಿಸಿಕೊಳ್ಳದೆ, ತಲೆಗೆ ಎಣ್ಣೆ ಹಚ್ಚಿ ಮುಖ ತೊಳೆದುಕೊಂಡಿರಬೇಕೆಂದು ಶಿಷ್ಯರಿಗೆ ಕಲಿಸಿದ. ಮೊದಲ ಶತಮಾನದ ಕೊನೆ ಅಥವಾ ಎರಡನೆಯದರ ಆರಂಭಕ್ಕೆ ಸೇರಿದ 'ದಿದಖೆ' ಎಂಬ ಕೈಪಿಡಿ ಬುಧವಾರ ಮತ್ತು ಶುಕ್ರವಾರ ಉಪವಾಸವಿರಲು ಹೇಳುತ್ತದೆ. ಶುಕ್ರವಾರ ಯೇಸು ಶಿಲುಬೆಗೇರಿದ ದಿನ. ಅಂದಿನಿಂದ ಇಂದಿನವರೆಗೆ ಆ ವಾರಕ್ಕೆ ತಪಸ್ಸಿನ ಗುಣ ತಪ್ಪಿಲ್ಲ.

2ನೆಯ ಶತಮಾನದಲ್ಲಿ ರೋಮಿನಲ್ಲಿ ರಚಿತವಾದ 'ಹೆರ್ಮಾಸನ ಕುರುಬ' ಎಂಬ ಗ್ರಂಥದ ಒಂದು ವಿಧಿಯನ್ನು ಬಿಡಿಯಾಗಿ ಹೇಳಬೇಕು. ಉಪವಾಸದ ದಿನ ಬರಿಯ ರೊಟ್ಟಿ ಮತ್ತು ನೀರಿನಲ್ಲಿ ಇದ್ದು, ಆ ದಿನ ಉಣ್ಣಬೇಕಾಗಿದ್ದ ಊಟಕ್ಕೆ ಎಷ್ಟು ಖರ್ಚಾಗುತ್ತಿತ್ತೆಂದು ಲೆಕ್ಕ ಹಾಕಿ, ಅಷ್ಟನ್ನು ವಿಧವೆಗೋ ಅನಾಥನಿಗೋ ಇಲ್ಲದವನಿಗೋ ಕೊಡಬೇಕು ಎಂಬುದು ಆ ವಿಧಿ. ಎಷ್ಟು ಹೊತ್ತು ಹಸಿದಿದ್ದೆ ಎಂಬುದಕ್ಕಿಂತ ಯಾರ ಹಸಿವು ನೀಗಿತು ಎಂಬುದು ಇಲ್ಲಿ ಮುಖ್ಯವಾಯಿತು. 5ನೆಯ ಶತಮಾನದ ಪೋಪ್ ಲಿಯೋ ತಮ್ಮ ಪ್ರವಚನಗಳಲ್ಲಿ ಇದೇ ಮಾತನ್ನು ಮತ್ತೆ ಮತ್ತೆ ಎತ್ತಿದರು. ಉಪವಾಸದ ಇಡೀ ಬೋಧನೆಯಲ್ಲಿ ಇದರಷ್ಟು ಗಟ್ಟಿಯಾದ ಎಳೆ ಇನ್ನೊಂದಿಲ್ಲ.

ಪಾಸ್ಕ ಹಬ್ಬದ ಮುಂಚಿನ ತಪಸ್ಸುಕಾಲ ಮೊದಲಿಗೆ ಒಂದೆರಡು ದಿನಗಳಷ್ಟೇ ಇತ್ತು. ನಲವತ್ತು ದಿನಗಳ ಅವಧಿಯ ಉಲ್ಲೇಖ 325ರ ನೈಸಿಯ ಮಹಾಸಭೆಯ 5ನೆಯ ಕಟ್ಟಳೆಯಲ್ಲಿ ಬರುತ್ತದೆ. ಭಾನುವಾರ ಪುನರುತ್ಥಾನದ ದಿನವಾದ್ದರಿಂದ ಅಂದು ಉಪವಾಸವಿಲ್ಲ. ಹಾಗಾಗಿ ಆರು ವಾರಗಳಲ್ಲಿ ಸಿಗುವುದು 36 ದಿನ. ವರ್ಷದ ಹತ್ತನೆಯ ಒಂದು ಪಾಲನ್ನು ದೇವರಿಗೆ ಕಾಣಿಕೆಯಾಗಿ ಕೊಟ್ಟಂತೆ ಇದು ಎಂದು ಪೋಪ್ ಮಹಾ ಗ್ರೆಗೊರಿ ವಿವರಿಸಿದರು. ಮುಂದೆ ನಾಲ್ಕು ದಿನ ಕೂಡಿಸಿ ನಲವತ್ತನ್ನು ಭರ್ತಿ ಮಾಡಿದ್ದರಿಂದ ತಪಸ್ಸುಕಾಲ ವಿಭೂತಿ ಬುಧವಾರದಿಂದ ಆರಂಭವಾಗುತ್ತದೆ.

ಮರುಭೂಮಿಯಿಂದ ಮಠಕ್ಕೆ

ಈಜಿಪ್ಟಿನ ಮರುಭೂಮಿಯ ತಪಸ್ವಿ ಸಂತ ಅಂತೋಣಿ ಸೂರ್ಯ ಮುಳುಗಿದ ಮೇಲೆ ದಿನಕ್ಕೊಮ್ಮೆ ರೊಟ್ಟಿ, ಉಪ್ಪು, ನೀರು ತೆಗೆದುಕೊಳ್ಳುತ್ತಿದ್ದರೆಂದು ಅವರ ಚರಿತ್ರೆ ಬರೆದ ಅಥನಾಸಿಯಸ್ ಹೇಳುತ್ತಾರೆ. ಆ ಮರುಭೂಮಿಯಲ್ಲೇ ಇದ್ದ ಇವಾಗ್ರಿಯಸ್ ಮನಸ್ಸನ್ನು ಕಾಡುವ ಎಂಟು ಕೆಟ್ಟ ಯೋಚನೆಗಳನ್ನು ಎಣಿಸಿದಾಗ ಹೊಟ್ಟೆಬಾಕತನವನ್ನು ಮೊದಲಿಗೆ ಇಟ್ಟರು. ಅದು ಎಲ್ಲಕ್ಕಿಂತ ದೊಡ್ಡದೆಂದಲ್ಲ, ಉಳಿದವುಗಳಿಗೆ ಬಾಗಿಲು ತೆರೆಯುವುದು ಅದೇ ಎಂದು.

ಈ ಅನುಭವವನ್ನು ಪಶ್ಚಿಮಕ್ಕೆ ತಂದವರು ಯೊವಾನ್ ಕಸಿಯನ್ (ಸು. 360–435). ಅತಿಯಾದ ಉಪವಾಸವೂ ಅತಿಯಾದ ಊಟವೂ ಕೊನೆಗೆ ತಲುಪಿಸುವುದು ಒಂದೇ ಕಡೆಗೆ ಎಂದು ಅವರು ಎಚ್ಚರಿಸಿದರು. ಹಲವು ದಿನ ಉಪವಾಸವಿದ್ದು ಆಮೇಲೆ ಕಂಠಮಟ್ಟ ಉಣ್ಣುವುದಕ್ಕಿಂತ ದಿನವೂ ಹದವರಿತು ಉಣ್ಣುವುದು ಲೇಸೆಂಬುದು ಮರುಭೂಮಿಯ ಹಿರಿಯರಿಂದ ಅವರು ಕಲಿತ ಪಾಠ. ಸಂತ ಅಗಸ್ಟೀನ್ ತಮ್ಮ ಆತ್ಮನಿವೇದನೆಯ 10ನೆಯ ಭಾಗದಲ್ಲಿ, ಆಹಾರವನ್ನು ಔಷಧಿಯಂತೆ ತೆಗೆದುಕೊಳ್ಳಲು ಕಲಿತರೂ ಹಸಿವಿನಿಂದ ತೃಪ್ತಿಗೆ ಹೋಗುವ ದಾರಿಯಲ್ಲೇ ಆಸೆ ಹೊಂಚು ಹಾಕಿರುತ್ತದೆ ಎಂದು ತೋಡಿಕೊಳ್ಳುತ್ತಾರೆ. ಕುಡಿತದ ಅಮಲು ತಮ್ಮಿಂದ ದೂರ, ಊಟದ ಆಸೆ ಆಗಾಗ ಗೆಲ್ಲುತ್ತದೆ ಎನ್ನುವ ಆ ಪ್ರಾಮಾಣಿಕತೆ ಇಂದಿನ ಓದುಗನಿಗೂ ತಟ್ಟುತ್ತದೆ.

ಹದದ ಬೋಧನೆ ಅಡುಗೆಮನೆಯವರೆಗೆ ಇಳಿದದ್ದು 6ನೆಯ ಶತಮಾನದ ಸಂತ ಬೆನೆಡಿಕ್ಟರ ನಿಯಮಾವಳಿಯಲ್ಲಿ. ಅದರ 39ನೆಯ ಅಧ್ಯಾಯ ಊಟದ ಅಳತೆಯದು, 40ನೆಯದು ಪಾನೀಯದ್ದು. ಪಂಕ್ತಿಯಲ್ಲಿ ಬೇಯಿಸಿದ ಎರಡು ಪದಾರ್ಥಗಳಿರಬೇಕು. ಒಂದನ್ನು ಉಣ್ಣಲಾರದವನು ಇನ್ನೊಂದನ್ನು ಉಣ್ಣಲಿ ಎಂಬುದು ಕಾರಣ. ಹಣ್ಣೋ ಎಳೆ ತರಕಾರಿಯೋ ಸಿಕ್ಕಿದರೆ ಮೂರನೆಯದಾಗಿ ಬಡಿಸಬಹುದು. ದಿನಕ್ಕೆ ಒಂದು ಪೌಂಡು ರೊಟ್ಟಿ, ಸುಮಾರು ಕಾಲು ಲೀಟರು ದ್ರಾಕ್ಷಾರಸ. ಹೊಲದ ಕೆಲಸ ಹೆಚ್ಚಿದ್ದರೆ ಮಠಾಧಿಪತಿ ಅಳತೆಯನ್ನು ಹೆಚ್ಚಿಸಬಹುದು. ಎಳೆಯರಿಗೆ ಕಡಿಮೆ ಸಾಕು. ನಾಲ್ಕು ಕಾಲಿನ ಪ್ರಾಣಿಗಳ ಮಾಂಸ ತೀರ ನಿತ್ರಾಣರಾದ ರೋಗಿಗಳಿಗೆ ಮಾತ್ರ. ಇನ್ನೊಬ್ಬರಿಗೆ ಎಷ್ಟು ಊಟವೆಂದು ಗೊತ್ತುಮಾಡಲು ತಮಗೆ ಹಿಂಜರಿಕೆಯಾಗುತ್ತದೆ ಎಂದು ಬರೆದೇ ಅವರು ಪಾನೀಯದ ಅಳತೆ ಹೇಳುತ್ತಾರೆ. ಎಲ್ಲರ ಮೈ ಒಂದೇ ತೆರನಲ್ಲವೆಂಬ ತಿಳಿವಳಿಕೆಯಿಂದ ಹುಟ್ಟಿದ ಈ ಹಿಂಜರಿಕೆಯೇ ಆ ನಿಯಮಾವಳಿಯ ಹಿರಿಮೆ.

ಹೊಟ್ಟೆಬಾಕತನದ ಐದು ಮುಖಗಳು

ಪೋಪ್ ಮಹಾ ಗ್ರೆಗೊರಿ (590–604) ಎಂಟು ಯೋಚನೆಗಳ ಪಟ್ಟಿಯನ್ನು ತಿದ್ದಿ ಏಳು ಮೂಲಪಾಪಗಳ ಪಟ್ಟಿಗೆ ಬುನಾದಿ ಹಾಕಿದರು. ಹೆಚ್ಚು ತಿನ್ನುವುದಷ್ಟೇ ಹೊಟ್ಟೆಬಾಕತನವಲ್ಲ ಎಂದು ಬಿಡಿಸಿ ತೋರಿಸಿದ್ದು ಅವರ ದೊಡ್ಡ ಕೊಡುಗೆ. ಹೊತ್ತಿಗೆ ಮೊದಲೇ ತಿನ್ನುವುದು, ದುಬಾರಿಯದೇ ಬೇಕೆನ್ನುವುದು, ಅಡುಗೆಯ ನಾಜೂಕಿನ ಬಗ್ಗೆ ಅತಿಯಾದ ತಗಾದೆ, ಮಿತಿಮೀರಿದ ಪ್ರಮಾಣ, ಆತುರದಿಂದ ಬಾಚಿ ತಿನ್ನುವುದು ಇವೈದೂ ಒಂದೇ ದೋಷದ ಮುಖಗಳು. ಇದರಂತೆ, ತುತ್ತು ಎಣಿಸಿ ತಿನ್ನುವವನೂ ಬಡಿಸಿದ್ದಕ್ಕೆಲ್ಲ ಹೆಸರಿಡುತ್ತಿದ್ದರೆ ಈ ದೋಷಕ್ಕೆ ಸಿಕ್ಕಿಬಿದ್ದಂತೆಯೇ.

13ನೆಯ ಶತಮಾನದಲ್ಲಿ ಸಂತ ಥಾಮಸ್ ಅಕ್ವೈನಸ್ ತಮ್ಮ 'ಸುಮ್ಮಾ ಥಿಯೊಲಾಜಿಕಾ'ದಲ್ಲಿ ಈ ಐದನ್ನೂ ಎತ್ತಿಕೊಂಡು ಉಪವಾಸಕ್ಕೆ ಮೂರು ಉದ್ದೇಶಗಳನ್ನು ಹೇಳಿದರು: ದೇಹದ ಆಸೆಗಳಿಗೆ ಕಡಿವಾಣ, ಮನಸ್ಸು ಧ್ಯಾನಕ್ಕೆ ಏರಲು ಹಗುರಾಗುವುದು, ಮಾಡಿದ ಪಾಪಕ್ಕೆ ಪ್ರಾಯಶ್ಚಿತ್ತ. ಉಪವಾಸವು ವಿವೇಕದ ಅಂಕೆಯಲ್ಲಿರಬೇಕು. ಜೀವಕ್ಕೆ ಆಧಾರವಾದುದನ್ನೇ ಕಿತ್ತುಕೊಳ್ಳುವಷ್ಟು ಹೋಗಬಾರದು ಎಂದೂ ಅವರು ಹೇಳಿದರು. ಈ ವಿವೇಕ ಎಲ್ಲರಿಗೂ ದಕ್ಕಲಿಲ್ಲ. ಸಿಯೆನಾದ ಸಂತ ಕ್ಯಾಥರೀನ್ ಬಹುಮಟ್ಟಿಗೆ ಆಹಾರವನ್ನೇ ಬಿಟ್ಟು 1380ರಲ್ಲಿ, 33ನೆಯ ವಯಸ್ಸಿನಲ್ಲಿ ತೀರಿಕೊಂಡರು. ಅವರ ಭಕ್ತಿಯ ಮುಂದೆ ತಲೆಬಾಗಿದರೂ ಆ ದಾರಿ ಅನುಕರಣೆಗೆ ತಕ್ಕದ್ದಲ್ಲ.

ಕಟ್ಟಳೆಯ ಸಡಿಲಿಕೆ

ಮಧ್ಯಯುಗದ ತಪಸ್ಸುಕಾಲದಲ್ಲಿ ಮಾಂಸದ ಜೊತೆಗೆ ಹಾಲು, ಬೆಣ್ಣೆ, ಗಿಣ್ಣು, ಮೊಟ್ಟೆಗಳೂ ಸಾಮಾನ್ಯವಾಗಿ ನಿಷಿದ್ಧ. ಮನೆಯಲ್ಲಿದ್ದ ಮಾಂಸ-ಮೊಟ್ಟೆಗಳನ್ನು ವಿಭೂತಿ ಬುಧವಾರದ ಮುಂಚೆಯೇ ಖರ್ಚುಮಾಡುವ ಸಂಭ್ರಮವೇ ಕಾರ್ನಿವಲ್. ನಲವತ್ತು ದಿನ ಕೂಡಿಟ್ಟ ಮೊಟ್ಟೆಗಳು ಪಾಸ್ಕ ಹಬ್ಬದ ಊಟಕ್ಕೆ ಬರುತ್ತಿದ್ದವು.

ಊಟದ ಹೊತ್ತೂ ಸರಿಯುತ್ತ ಬಂತು. ಮೊದಲು ಸೂರ್ಯಾಸ್ತದ ನಂತರವಿದ್ದ ಒಂದೇ ಊಟ ಆಮೇಲೆ ಒಂಬತ್ತನೆಯ ಗಳಿಗೆಗೆ, ಅಂದರೆ ನಡುಮಧ್ಯಾಹ್ನ ಕಳೆದು ಮೂರು ಗಂಟೆಗೆ ಬಂತು. 14ನೆಯ ಶತಮಾನದ ಹೊತ್ತಿಗೆ ಅದು ಹನ್ನೆರಡಕ್ಕೆ ನಿಂತಿತು. ಲ್ಯಾಟಿನ್ನಿನಲ್ಲಿ ಒಂಬತ್ತನೆಯ ಗಳಿಗೆಗೆ 'ನೋನ' ಎಂದು ಹೆಸರು. ಇಂಗ್ಲಿಷಿನ 'ನೂನ್' ಮೂರು ಗಂಟೆಯನ್ನು ಬಿಟ್ಟು ಹನ್ನೆರಡನ್ನು ಸೂಚಿಸತೊಡಗಿದ್ದರ ಹಿಂದೆ ಈ ಸರಿಯುವಿಕೆಯಿದೆ. ಮಧ್ಯಾಹ್ನವೇ ಉಂಡವನಿಗೆ ರಾತ್ರಿ ಹಸಿವಾಗುವುದು ಸಹಜ. ಮಠಗಳಲ್ಲಿ ಸಂಜೆ ಕಸಿಯನ್ನರ 'ಕೊಲಾಸಿಯೊನೆಸ್' ಎಂಬ ಸಂವಾದಗಳನ್ನು ಓದುವ ಹೊತ್ತಿಗೆ ದಣಿದವರಿಗೆ ಕುಡಿಯಲು ಕೊಡುತ್ತಿದ್ದರು. ಕುಡಿಯುವುದರ ಜೊತೆಗೆ ಒಂದು ಚೂರು ರೊಟ್ಟಿ ಸೇರಿತು. ಆ ಕಿರು ಫಲಾಹಾರಕ್ಕೇ 'ಕೊಲೇಷನ್' ಎಂಬ ಹೆಸರು ನಿಂತಿತು. ಮಿತಾಹಾರವನ್ನು ಬೋಧಿಸಿದ ಪುಸ್ತಕದ ಹೆಸರು ಒಂದು ತಿಂಡಿಗೆ ಅಂಟಿದ್ದು ಹೀಗೆ.

ಆಲಿವ್ ಬೆಳೆಯುವ ದಕ್ಷಿಣ ಯುರೋಪಿಗೆ ಬೆಣ್ಣೆ ಬಿಡುವುದು ಕಷ್ಟವಾಗಲಿಲ್ಲ. ಉತ್ತರದವರಿಗೆ ಎಣ್ಣೆಯೇ ಇರಲಿಲ್ಲ. ಹಣ ಕಟ್ಟಿ ವಿನಾಯಿತಿ ಪಡೆಯುವ ಪದ್ಧತಿ ಬೆಳೆಯಿತು. ಫ್ರಾನ್ಸಿನ ರೂವಾನ್ ಮಹಾದೇವಾಲಯದ ಒಂದು ಗೋಪುರವನ್ನು ಇಂದಿಗೂ ಬೆಣ್ಣೆಗೋಪುರವೆಂದು ಕರೆಯುವುದು ಈ ಕಾಣಿಕೆಗಳ ನೆನಪಿಗೆ. 1520ರಲ್ಲಿ ಮಾರ್ಟಿನ್ ಲೂಥರ್ ಈ ವ್ಯಾಪಾರದ ಮೇಲೆ ಹರಿಹಾಯ್ದರು. 1522ರ ತಪಸ್ಸುಕಾಲದಲ್ಲಿ ಜೂರಿಕ್‌ನ ಮುದ್ರಕ ಕ್ರಿಸ್ಟೊಫ್ ಫ್ರೊಶೌವರ್‌ನ ಮನೆಯಲ್ಲಿ ಕೆಲವರು ಬೇಕೆಂದೇ ಸಾಸೇಜು ತಿಂದರು. ಆ ನಗರದ ಪಾದ್ರಿ ಜ್ವಿಂಗ್ಲಿ ಅವರ ಪರ ನಿಂತರು. ಸ್ವಿಟ್ಜರ್ಲೆಂಡಿನ ಸುಧಾರಣಾ ಚಳವಳಿಗೆ ಅದೇ ಕಿಡಿಯಾಯಿತು. ಬಡವನಿಗೆ ಸೇರಬೇಕಾದ ಉಳಿತಾಯದ ಜಾಗದಲ್ಲಿ ವಿನಾಯಿತಿಯ ಶುಲ್ಕ ಬಂದು ಕೂತದ್ದು ಧರ್ಮಸಭೆಯ ಸ್ವಂತ ಬೋಧನೆಗೇ ವಿರುದ್ಧವಾಗಿತ್ತು. ಈ ಟೀಕೆ ನ್ಯಾಯವಾದದ್ದು.

ಅದೇ ಶತಮಾನದಲ್ಲಿ ಒಳಗಿನಿಂದಲೂ ತಿದ್ದುಪಡಿ ನಡೆಯಿತು. ಲೊಯೋಲದ ಸಂತ ಇಗ್ನಾಸಿಯವರ 'ಆಧ್ಯಾತ್ಮಿಕ ಸಾಧನೆಗಳು' (1548) ಗ್ರಂಥದಲ್ಲಿ ಊಟದ ಬಗ್ಗೆಯೇ ಎಂಟು ಸೂತ್ರಗಳಿವೆ. ರೊಟ್ಟಿಯ ವಿಷಯದಲ್ಲಿ ಅಷ್ಟು ಅಂಜಬೇಕಿಲ್ಲ, ರುಚಿಯ ಪದಾರ್ಥಗಳ ವಿಷಯದಲ್ಲಿ ಎಚ್ಚರವಿರಲಿ ಎನ್ನುತ್ತದೆ ಒಂದು. ಮುಂದಿನ ಊಟಕ್ಕೆ ಎಷ್ಟು ಬೇಕೆಂಬುದನ್ನು ಈಗಿನ ಊಟ ಮುಗಿದು ಹಸಿವಿಲ್ಲದಿರುವಾಗಲೇ ಗೊತ್ತುಮಾಡಿಕೊಳ್ಳಬೇಕು ಎಂಬುದು ಕೊನೆಯದು. ಯಾವ ಧರ್ಮದವರಾದರೂ ಮನೆಯಲ್ಲಿ ನಡೆಸಿ ನೋಡಬಹುದಾದ ಸೂತ್ರವಿದು. ಜಿನೀವಾದ ಬಿಷಪ್ ಸಂತ ಫ್ರಾನ್ಸಿಸ್ ಸಾಲೆಸ್ 1609ರಲ್ಲಿ ಗೃಹಸ್ಥರಿಗಾಗಿ ಬರೆದ ಕೃತಿಯಲ್ಲಿ, ಕಠಿಣ ಉಪವಾಸಗಳಿಗಿಂತ ಎದುರಿಗೆ ಬಡಿಸಿದ್ದನ್ನು ಗೊಣಗದೆ ಉಣ್ಣುವುದು ದೊಡ್ಡ ತಪಸ್ಸೆಂದು ತಿಳಿಹೇಳಿದರು. ಮೆಕ್ಸಿಕೋದಿಂದ ಬಂದ ಚಾಕಲೇಟು ಪಾನೀಯ ಉಪವಾಸವನ್ನು ಮುರಿಯುತ್ತದೆಯೇ ಎಂಬ ಚರ್ಚೆಗೆ 1636ರಲ್ಲಿ ಮ್ಯಾಡ್ರಿಡ್‌ನ ಲಿಯೋನ್ ಪಿನೆಲೊ ಇಡೀ ಪುಸ್ತಕವನ್ನೇ ಮೀಸಲಿಟ್ಟರು. ಪಾನೀಯ ಉಪವಾಸವನ್ನು ಮುರಿಯದು ಎಂಬ ನಿಲುವನ್ನು 1664ರಲ್ಲಿ ಕಾರ್ಡಿನಲ್ ಬ್ರಂಕಾಚೊ ಎತ್ತಿಹಿಡಿದರು.

ಭಾರತದಲ್ಲಿ

1606ರಲ್ಲಿ ಮಧುರೆಗೆ ಬಂದ ಜೆಸ್ವಿಟ್ ಗುರು ರೊಬೆರ್ತೊ ದೆ ನೊಬಿಲಿ ಮಾಂಸಾಹಾರ ತೊರೆದು ಒಪ್ಪೊತ್ತಿನ ಸಸ್ಯಾಹಾರದಲ್ಲಿ ಸಂನ್ಯಾಸಿಯಂತೆ ಬಾಳಿದರು. 1640ರ ದಶಕದ ಕೊನೆಯಲ್ಲಿ ಶ್ರೀರಂಗಪಟ್ಟಣದಲ್ಲಿ ಮೈಸೂರು ಮಿಷನ್ನಿಗೆ ನೆಲೆ ಹಾಕಿದ ಲಿಯೊನಾರ್ಡೊ ಚಿನ್ನಮಿ ಅದೇ ದಾರಿ ಹಿಡಿದರು. ಯುರೋಪಿನಲ್ಲಿ ಕೆಲವು ದಿನಗಳ ವ್ರತವಾಗಿದ್ದುದು ಇಲ್ಲಿ ಗುರುಗಳಿಗೆ ವರ್ಷಪೂರ್ತಿಯ ನೇಮವಾಯಿತು. ಕೇರಳದ ಸಂತ ತೋಮರ ಕ್ರೈಸ್ತರಲ್ಲಿ ಪಾಸ್ಕಕ್ಕೆ ಮುಂಚಿನ ಐವತ್ತು ದಿನಗಳ ವ್ರತ, ಕ್ರಿಸ್ತಜಯಂತಿಗೆ ಮುಂಚಿನ ಇಪ್ಪತ್ತೈದು ದಿನಗಳ ವ್ರತ ಹಿಂದಿನಿಂದ ಬಂದವು. ಮಂಗಳೂರಿನ ಕೊಂಕಣಿ ಕಥೋಲಿಕರು ಸೆಪ್ಟೆಂಬರ್ 8ರ ಮೊಂತಿ ಹಬ್ಬದಂದು ಆಶೀರ್ವದಿಸಿದ ಹೊಸ ಭತ್ತದ ತೆನೆಯನ್ನು ಮನೆಗೆ ತಂದು, ಮನೆಮಂದಿಯೆಲ್ಲ ಕೂಡಿ ಸಸ್ಯಾಹಾರದ ಊಟ ಮಾಡುತ್ತಾರೆ. ಇದು ಉಪವಾಸವಲ್ಲ, ಹಬ್ಬ. ಅನ್ನಕ್ಕೆ ಕೃತಜ್ಞತೆ ಸಲ್ಲಿಸುವ ಬಗೆ.

20ನೆಯ ಶತಮಾನ ಮತ್ತು ಈಚೆಗೆ

1917ರ ಧರ್ಮಸಭಾ ಕಾನೂನು ಸಂಹಿತೆ ವರ್ಷದ ಎಲ್ಲ ಶುಕ್ರವಾರಗಳಲ್ಲಿ ಮಾಂಸವರ್ಜನೆಯನ್ನೂ ತಪಸ್ಸುಕಾಲದ ವಾರದ ದಿನಗಳಲ್ಲಿ ಉಪವಾಸವನ್ನೂ ವಿಧಿಸಿತ್ತು. ಪರಮಪ್ರಸಾದ ಸ್ವೀಕರಿಸುವವರು ಹಿಂದಿನ ಮಧ್ಯರಾತ್ರಿಯಿಂದ ನೀರೂ ಮುಟ್ಟುವಂತಿರಲಿಲ್ಲ. ಪೋಪ್ 12ನೆಯ ಪಿಯುಸ್ 1953ರಲ್ಲಿ ನೀರಿಗೆ ಅನುಮತಿ ಕೊಟ್ಟರು. 1957ರಲ್ಲಿ ಅವಧಿಯನ್ನು ಮೂರು ಗಂಟೆಗೆ ಇಳಿಸಿದರು. 1964ರಲ್ಲಿ ಪೋಪ್ 6ನೆಯ ಪಾವ್ಲ್ ಒಂದು ಗಂಟೆಗೆ ತಂದರು. ಶುಕ್ರವಾರದ ವ್ರತ ಪೇಟೆಯ ಮೇಲೂ ಪರಿಣಾಮ ಬೀರುತ್ತಿತ್ತು: ಅಮೆರಿಕದ ಸಿನ್ಸಿನಾಟಿಯಲ್ಲಿ ಶುಕ್ರವಾರ ಗಿರಾಕಿಗಳಿಲ್ಲದ್ದನ್ನು ಕಂಡು ಮೆಕ್‌ಡೊನಾಲ್ಡ್ಸ್ ಅಂಗಡಿಯ ಮಾಲೀಕ ಲೂ ಗ್ರೊಯೆನ್ 1962ರಲ್ಲಿ ಮೀನಿನ ಸ್ಯಾಂಡ್‌ವಿಚ್ ತಯಾರಿಸಿದರು.

1966ರ ಫೆಬ್ರವರಿ 17ರಂದು ಹೊರಬಿದ್ದ 'ಪೆನಿತೆಮಿನಿ' ಎಂಬ ಆಜ್ಞಾಪತ್ರದಲ್ಲಿ 6ನೆಯ ಪಾವ್ಲ್ ಕಡ್ಡಾಯ ಉಪವಾಸವನ್ನು ವಿಭೂತಿ ಬುಧವಾರ ಮತ್ತು ಶುಭ ಶುಕ್ರವಾರಗಳಿಗೆ ಸೀಮಿತಗೊಳಿಸಿದರು. ಶುಕ್ರವಾರದ ಮಾಂಸವರ್ಜನೆಗೆ ಬದಲಾಗಿ ಪ್ರಾರ್ಥನೆಯನ್ನೋ ದಾನಧರ್ಮವನ್ನೋ ಗೊತ್ತುಮಾಡುವ ಅಧಿಕಾರ ಆಯಾ ದೇಶದ ಬಿಷಪರ ಮಂಡಳಿಗಳಿಗೆ ಸಿಕ್ಕಿತು. 1983ರ ಸಂಹಿತೆಯ ಪ್ರಕಾರ ಮಾಂಸವರ್ಜನೆ 14 ವರ್ಷ ತುಂಬಿದವರಿಗೆ, ಉಪವಾಸ 18 ತುಂಬಿದವರಿಂದ 60ನೆಯ ವರ್ಷಕ್ಕೆ ಕಾಲಿಡುವವರೆಗೆ. ಬದಲಿಯನ್ನು ನೆನಪಿಟ್ಟವರು ಕಡಿಮೆ. ಬಹಳ ಮನೆಗಳಲ್ಲಿ ಶುಕ್ರವಾರ ಉಳಿದ ವಾರಗಳಂತೆಯೇ ಆಯಿತು. ಇದನ್ನು ಕಂಡೇ ಇಂಗ್ಲೆಂಡ್ ಮತ್ತು ವೇಲ್ಸ್‌ನ ಬಿಷಪರು 2011ರ ಸೆಪ್ಟೆಂಬರ್ 16ರಿಂದ ಶುಕ್ರವಾರದ ಮಾಂಸವರ್ಜನೆಯನ್ನು ಮರಳಿ ತಂದರು.

ಪೋಪ್ 2ನೆಯ ಯೊವಾನ್ ಪಾವ್ಲ್ 1992ರಲ್ಲಿ ಪ್ರಕಟಿಸಿದ ಧರ್ಮೋಪದೇಶ ಗ್ರಂಥದ 2290ನೆಯ ಪರಿಚ್ಛೇದ ಊಟ, ಮದ್ಯ, ತಂಬಾಕು, ಔಷಧಿಗಳ ಅತಿಬಳಕೆಯನ್ನು ಒಂದೇ ಸಾಲಿನಲ್ಲಿ ಇಡುತ್ತದೆ. ಆಹಾರ ಚೆಲ್ಲುವುದೆಂದರೆ ಬಡವನ ಪಂಕ್ತಿಯಿಂದ ಕದ್ದಂತೆ ಎಂದು ಪೋಪ್ ಫ್ರಾನ್ಸಿಸ್ 2013ರ ಜೂನ್ 5ರಂದು ಹೇಳಿದರು.

ಹೆರ್ಮಾಸನ ಹಳೆಯ ಲೆಕ್ಕವೂ ಮತ್ತೆ ಜೀವ ಪಡೆಯಿತು. 1958ರಲ್ಲಿ ಜರ್ಮನಿಯ ಬಿಷಪರು ಹಸಿವು ಮತ್ತು ರೋಗದ ವಿರುದ್ಧ 'ಮಿಸೆರೆಯೊರ್' ಎಂಬ ತಪಸ್ಸುಕಾಲದ ನಿಧಿಯನ್ನು ಆರಂಭಿಸಿದರು. 1960ರಲ್ಲಿ ಇಂಗ್ಲೆಂಡಿನ ಕಥೋಲಿಕ ಮಹಿಳೆಯರು ಒಂದು ಶುಕ್ರವಾರ ಮನೆಮಂದಿಯೆಲ್ಲ ಸರಳ ಊಟ ಮಾಡಿ, ಉಳಿದ ಹಣವನ್ನು ಕೆರಿಬಿಯನ್ನಿನ ಡೊಮಿನಿಕಾ ದ್ವೀಪದ ತಾಯಿ-ಮಕ್ಕಳ ಚಿಕಿತ್ಸಾಲಯಕ್ಕೆ ಕಳಿಸಿದರು. ಎರಡು ವರ್ಷಗಳ ನಂತರ ಆ ಕೆಲಸದಿಂದಲೇ 'ಕ್ಯಾಫೊಡ್' ಎಂಬ ನೆರವು ಸಂಸ್ಥೆ ರೂಪುಗೊಂಡಿತು. ಕುಟುಂಬ ಉಪವಾಸ ದಿನವೆಂಬ ಆ ಆಚರಣೆ ತಪಸ್ಸುಕಾಲದಲ್ಲೊಮ್ಮೆ, ಅಕ್ಟೋಬರಿನಲ್ಲೊಮ್ಮೆ ಇಂದಿಗೂ ನಡೆದುಬರುತ್ತಿದೆ.