ಮೂರು ರಾಯರ ಹಬ್ಬದಂದು ತೆರೆದ ಮನೆ



ಜನವರಿ 6ರಂದು ನಾವು ಮೂರು ರಾಯರ ಕಾಣಿಕೆಗಳನ್ನು ಸ್ಮರಿಸುತ್ತೇವೆ. 1907ರ ಅದೇ ದಿನ ರೋಮಿನ ಸಾನ್ ಲೊರೆಂಜೊ ಎಂಬ ಬಡವರ ಬಡಾವಣೆಯಲ್ಲಿ ಡಾ. ಮರಿಯಾ ಮಾಂಟೆಸ್ಸರಿಯವರ ‘ಮಕ್ಕಳ ಮನೆ’ ತೆರೆಯಿತು. ಅದರ ಬೇರು ಹುಚ್ಚಾಸ್ಪತ್ರೆಯಲ್ಲಿತ್ತೆಂಬುದು ನಮ್ಮಲ್ಲಿ ಹಲವರಿಗೆ ತಿಳಿಯದು.

ಆ ಕಾಲದಲ್ಲಿ ಬುದ್ಧಿ ನಿಧಾನವಾಗಿ ಬೆಳೆಯುವ ಮಕ್ಕಳನ್ನೂ ಮಾನಸಿಕ ರೋಗಿಗಳ ಜೊತೆಗೇ ಇಡುತ್ತಿದ್ದರು. ಯುವ ವೈದ್ಯೆಯಾಗಿ ಇದನ್ನು ಕಂಡ ಮಾಂಟೆಸ್ಸರಿ, ಇವರಿಗೆ ಔಷಧಿಗಿಂತ ಶಿಕ್ಷಣ ಬೇಕೆಂದು ವಾದಿಸಿದರು. ಬರೀ ವಾದವಲ್ಲ. 1900ರಲ್ಲಿ ಇಂಥವರ ಶಾಲೆಯ ಹೊಣೆ ಹೊತ್ತು, ಬೆಳಿಗ್ಗೆ 8ರಿಂದ ಸಂಜೆ 7ರವರೆಗೆ ಅವರೊಂದಿಗೇ ಇದ್ದರು. ಫ್ರೆಂಚ್ ವೈದ್ಯ ಸೆಗ್ವಾಂ ಅವರ ಗ್ರಂಥವನ್ನು ಕೈಯಾರೆ ಬರೆದುಕೊಂಡು ಓದಿ, ಕೈ ಮತ್ತು ಇಂದ್ರಿಯಗಳ ಮೂಲಕ ಕಲಿಸಿದರು. ಕೆಲವರು ಇತರ ಮಕ್ಕಳ ಜೊತೆ ಪರೀಕ್ಷೆ ಬರೆದು ತೇರ್ಗಡೆಯಾದರು! ಜನ ಬೆರಗಾದರು, ಅವರಿಗೋ, ಆರೋಗ್ಯವಂತ ಮಕ್ಕಳು ಇಷ್ಟಕ್ಕೇ ಏಕೆ ನಿಂತರೆಂಬ ಚಿಂತೆ.

ಮಕ್ಕಳ ಮನೆಯಲ್ಲಿ ಅಕ್ಷರಕ್ಕಿಂತ ಮೊದಲು ಕೈ ತೊಳೆಯುವುದು, ಗುಂಡಿ ಹಾಕುವುದು, ಸಾಮಾನು ತೆಗೆದಲ್ಲೇ ಇಡುವುದು, ಊಟ ಬಡಿಸುವುದು, ಸರದಿಗಾಗಿ ಕಾಯುವುದು. ನಮ್ಮ ಮನೆಗಳಲ್ಲಿ ಹದಿನೈದರ ಮಗನಿಗೆ ಇಂದಿಗೂ ತಾಯಿಯೇ ಗುಂಡಿ ಹಾಕುತ್ತಾಳೆ, ಪೂಜೆಗೆ ತಡವಾಗುತ್ತದೆಂದು. ತಡವಾಗಲಿ, ಕಾಯೋಣ. ಈ ಹಬ್ಬಕ್ಕೆ ಕಾಣಿಕೆಗಳನ್ನು ಪೀಠಕ್ಕೆ ತರುವವರ ಪಟ್ಟಿಯಲ್ಲಿ ಅಂಥ ಮಕ್ಕಳ ಹೆಸರನ್ನೂ ಬರೆಸಿರಿ. ತಟ್ಟೆ ಹಿಡಿದು ನಡೆಯುವುದನ್ನು ಹಿಂದಿನ ವಾರವೇ ಅಭ್ಯಾಸ ಮಾಡಿಸೋಣ.